ಕೋವಿಗೆ ಲೈಸೆನ್ಸ್ ಇದೆ, ಮಸಿಗೆ ಅಳತೆ ಎಲ್ಲಿದೆ?

ಬೆಳೆ ಕಾಯೋ ಕೋವಿಯ ಈಡು ಒಂದು ಸಲ ಕಿವಿ ಕಿತ್ತುಹೋಗೋ ಹಾಗೆ, ಇನ್ನೊಂದು ಸಲ ಠುಸ್. ತಪ್ಪು ತುಂಬೋ ಕೈಯದ್ದಾ, ತುಂಬೋಕೆ ಸಿಗೋ ಮಾಲಿನದ್ದಾ?

ಭತ್ತದ ತೆನೆ ಬಾಗೋ ಹೊತ್ತು ಬಂತು ಅಂದ್ರೆ ರಾತ್ರಿ ಹಂದಿ, ಹಗಲು ಮಂಗ. ತೀರ್ಥಹಳ್ಳಿ, ಹೊಸನಗರ, ಕೊಪ್ಪ, ಶೃಂಗೇರಿ ಹೀಗೆ ಮಲೆನಾಡಿನ ಯಾವ ಪೇಟೆಯ ಹೋಟೆಲಲ್ಲಿ ಕೂತರೂ ಮಾತು ಅಡಿಕೆ ರೇಟಿಂದ ಶುರುವಾಗಿ ಕೊನೆಗೆ ಕೋವಿ ಹತ್ರ ಬಂದು ನಿಲ್ಲುತ್ತೆ. ಕೋವಿ ಇದ್ದವರ ಬಾಯಲ್ಲಿ ಒಂದು ದೂರು ಮಾತ್ರ ವರ್ಷ ವರ್ಷವೂ ಅದೇ. ಈಡು ಒಂದೇ ಥರ ಹಾರಲ್ಲ. ಅದೇ ಕೋವಿ, ಅದೇ ಡಬ್ಬಿ ಮಸಿ, ಅದೇ ಅಳತೆ. ಆದ್ರೂ ಒಂದು ಸಲ ಹೆಗಲು ಕಿತ್ತು ಬರುತ್ತೆ, ಇನ್ನೊಂದು ಸಲ ಹೊಗೆ ಮಾತ್ರ ಬರುತ್ತೆ.

ಇದಕ್ಕೆ ಸಿಗೋ ಉತ್ತರ ಸಾಮಾನ್ಯವಾಗಿ ಎರಡೇ. ಹಳಬರು 'ಈಗಿನ ಹುಡುಗರಿಗೆ ಕೈಹದ ಇಲ್ಲ' ಅಂತಾರೆ. ಹುಡುಗರು ಮೊಬೈಲ್ ತೆಗೆದು ಅಮೆರಿಕದವನ ವಿಡಿಯೋ ತೋರಿಸಿ 'ಒಂದು ಡಿಜಿಟಲ್ ತಕ್ಕಡಿ ತಗೊಂಡ್ರೆ ಸರಿಹೋಗುತ್ತೆ' ಅಂತಾರೆ. ಈ ಬರಹದ ವಾದ ಇಷ್ಟೇ: ಎರಡೂ ತಪ್ಪು. ಏನು ಮಾಲು ಅಂತಲೇ ಗೊತ್ತಿಲ್ಲದ ಮಸಿಯನ್ನ ಎಷ್ಟು ನಾಜೂಕಾಗಿ ಅಳೆದರೂ ಈಡು ಸಮ ಆಗಲ್ಲ. ಗೊತ್ತಿರೋ ಮಾಲು ಸಿಗೋ ದಾರಿ ಮಾಡದೆ ರೈತನ ಕೈಯನ್ನ ಬೈದು ಪ್ರಯೋಜನ ಇಲ್ಲ.

ಪಾವಿನ ಲೆಕ್ಕ

ದಿನಸಿ ಅಂಗಡಿ ಇಟ್ಟವರಿಗೆ ಇದನ್ನ ವಿವರಿಸೋದು ಸುಲಭ. ಹಿಂದೆ ಅಕ್ಕಿಯನ್ನ ಸೇರು, ಪಾವಲ್ಲಿ ಅಳೀತಿದ್ರು. ಅದೇ ಪಾವಿಗೆ ಮೇಲಿಂದ ರಭಸವಾಗಿ ಸುರಿದರೆ ಒಂದು ತೂಕ, ಮೆಲ್ಲಗೆ ಜಾರಿಸಿದರೆ ಇನ್ನೊಂದು ತೂಕ. ಒಂದೆರಡು ಸಲ ಕುಕ್ಕಿದರೆ ಮತ್ತೂ ಒಂದು ಹಿಡಿ ಹಿಡಿಯುತ್ತೆ. ಗೋಪುರ ಮಾಡಿ ಕೊಡೋದು ಬೇರೆ, ಬೆರಳಲ್ಲಿ ಸವರಿ ಮಟ್ಟ ಮಾಡಿ ಕೊಡೋದು ಬೇರೆ. ದಪ್ಪಕ್ಕಿ ಬೇರೆ, ನುಚ್ಚು ಬೇರೆ. ಅಳತೆ ಒಂದೇ, ತೂಕ ಬೇರೆ ಬೇರೆ. ಅದಕ್ಕೇ ಇವತ್ತು ಅಂಗಡೀಲಿ ಮುದ್ರೆ ಹಾಕಿಸಿದ ತಕ್ಕಡಿ ಇದೆ.

ಕೇಪಿನ ಕೋವಿಗೆ ಈಡು ತುಂಬೋದು ಇವತ್ತಿಗೂ ಪಾವಿನ ಲೆಕ್ಕದಲ್ಲೇ. ಗೊತ್ತಿಲ್ಲದವರಿಗಾಗಿ ಹೇಳೋದಾದ್ರೆ, ನಳಿಗೆಯ ಬಾಯಿಂದ ಮಸಿ ಹಾಕ್ತಾರೆ, ಅದರ ಮೇಲೆ ನಾರು ಇಟ್ಟು ಗಜದಿಂದ ಗಿಡೀತಾರೆ, ಆಮೇಲೆ ಗುಂಡು, ಮತ್ತೆ ನಾರು. ಹಿಂದೆ ಮೊಲೆಗೆ ಕೇಪು ಸಿಕ್ಕಿಸಿದರೆ ಈಡು ತಯಾರು. ಮಸಿಯ ಅಳತೆಗೆ ಒಬ್ಬರ ಮನೆಯಲ್ಲಿ ಹಳೇ ತೋಟೆಯ ಚಿಪ್ಪು, ಇನ್ನೊಬ್ಬರ ಮನೆಯಲ್ಲಿ ಬಿದಿರಿನ ತುಂಡು, ಮತ್ತೊಬ್ಬರ ಮನೆಯಲ್ಲಿ ಅಂಗೈಯ ಗುಳಿ.

ಕರಿ ಮಸಿಯನ್ನ ಅಳತೆಯಲ್ಲಿ ತುಂಬೋದೇ ತಪ್ಪು ಅಂತಲ್ಲ. ಹೊರದೇಶಗಳಲ್ಲಿ ಕೇಪಿನ ಕೋವಿ ಹವ್ಯಾಸ ಇಟ್ಟುಕೊಂಡವರೂ ಹಿತ್ತಾಳೆಯ ಅಳತೆ ಕೊಳವೆಯನ್ನೇ ಬಳಸ್ತಾರೆ. ಆದರೆ ಅವರ ಕೊಳವೆಗೆ ಗುರುತು ಇರುತ್ತೆ, ಮಸಿಯ ಡಬ್ಬಿ ಮೇಲೆ ಕಾಳಿನ ಗಾತ್ರದ ನಂಬರ್ ಇರುತ್ತೆ, ತಯಾರಿಸಿದ ಕಾರ್ಖಾನೆಯ ಹೆಸರು ಇರುತ್ತೆ. ಅಳತೆ ಕೆಲಸ ಮಾಡೋದು ಅಳೆಯೋ ಮಾಲು ಪ್ರತಿ ಸಲ ಒಂದೇ ಆಗಿದ್ದಾಗ ಮಾತ್ರ.

ಮಳೆಗಾಲ, ಅಟ್ಟ, ಡಬ್ಬಿ

ನಮ್ಮಲ್ಲಿ ಆ ಮಾಲು ಒಂದೇ ಆಗಿರೋದು ಕಷ್ಟ. ಕಾರಣ ಒಂದಲ್ಲ, ನಾಲ್ಕು.

ಮೊದಲನೇದು ತೇವ. ಜೂನಿಂದ ಸೆಪ್ಟೆಂಬರ್ ತನಕ ಆಗುಂಬೆ ಸುತ್ತಮುತ್ತ ಮಳೆ ಹೇಗೆ ಹೊಡೆಯುತ್ತೆ ಅಂತ ಬೇರೆ ಹೇಳಬೇಕಿಲ್ಲ. ಉಪ್ಪು ನೀರಾಗುತ್ತೆ, ಚಪ್ಪಲಿಗೆ ಬೂಷ್ಟು ಬರುತ್ತೆ. ಅಟ್ಟದ ಮೇಲಿನ ಡಬ್ಬಿಯಲ್ಲಿರೋ ಮಸಿಗೆ ಮಾತ್ರ ಏನೂ ಆಗಲ್ಲ ಅಂದುಕೊಳ್ಳೋದು ಹೇಗೆ? ಮಸಿಯಲ್ಲಿರೋ ಇದ್ದಿಲು ತೇವ ಹೀರುತ್ತೆ. ಪೆಟ್ಲುಪ್ಪು ಶುದ್ಧ ಇಲ್ಲದಿದ್ದರೆ ಅದೂ ಹೀರುತ್ತೆ. ತೇವ ಹೀರಿದ ಮಸಿ ಗಂಟು ಕಟ್ಟುತ್ತೆ. ಅಳತೆಯೊಳಗೆ ಗಂಟಿನ ಮಧ್ಯೆ ಜಾಗ ಉಳಿದು ಮೇಲಿಂದ ತುಂಬಿದ ಹಾಗೆ ಕಾಣುತ್ತೆ, ಒಳಗೆ ಮಸಿ ಕಮ್ಮಿ. ಹಾಕಿದ್ದರಲ್ಲೂ ತೇವ ಇದ್ದರೆ ಉರಿಯೋದು ನಿಧಾನ.

ಎರಡನೇದು ಕಾಳಿನ ಗಾತ್ರ. ಸಣ್ಣ ಕಾಳು ಬೇಗ ಉರಿದು ಒತ್ತಡ ಬೇಗ ಏರುತ್ತೆ, ದಪ್ಪ ಕಾಳು ನಿಧಾನ. ಡಬ್ಬಿಯನ್ನ ಬೈಕಲ್ಲೋ ಜೀಪಲ್ಲೋ ಕುಲುಕಿಸಿಕೊಂಡು ತಂದರೆ ಪುಡಿಯೆಲ್ಲ ತಳಕ್ಕೆ ಇಳಿದು ದಪ್ಪ ಕಾಳು ಮೇಲೆ ಉಳಿಯುತ್ತೆ. ಮೇಲಿನ ಮಸಿಯಲ್ಲಿ ಸಪ್ಪೆ ಈಡು, ಡಬ್ಬಿ ಖಾಲಿಯಾಗ್ತಾ ಬಂದ ಹಾಗೆ ಜೋರು ಈಡು. ತುಂಬೋ ಮನುಷ್ಯ ಅದೇ ಅಳತೆ ಹಾಕಿರ್ತಾನೆ, ಅವನ ಕೈಯಲ್ಲಿ ಏನೂ ತಪ್ಪಿಲ್ಲ.

ಮೂರನೇದು ಗಜದ ಒತ್ತು. ಮಸಿಯ ಮೇಲೆ ನಾರು, ಗುಂಡು ಗಟ್ಟಿಯಾಗಿ ಕೂತರೆ ಒಂದು ಥರ, ಸಡಿಲ ಕೂತರೆ ಇನ್ನೊಂದು ಥರ. ಗುಂಡು ಮತ್ತು ಮಸಿಯ ಮಧ್ಯೆ ಖಾಲಿ ಜಾಗ ಉಳಿದರೆ ನಳಿಗೆ ಆ ಜಾಗದಲ್ಲೇ ಉಬ್ಬಬಹುದು ಅಥವಾ ಸೀಳಬಹುದು. ಹಿಂದಿನ ಈಡಿನ ಕಿಟ್ಟ ಒಳಗೆ ಅಂಟಿದ್ದರೆ ಗುಂಡು ಕೆಳಗಿಳಿಯದೆ ಮಧ್ಯದಲ್ಲೇ ಕಚ್ಚಿಕೊಳ್ಳುತ್ತೆ, ಮೇಲಿಂದ ನೋಡಿದವನಿಗೆ ಗೊತ್ತಾಗಲ್ಲ.

ನಾಲ್ಕನೇದು ಎಲ್ಲಕ್ಕಿಂತ ದೊಡ್ಡದು. ಆ ಮಸಿ ಏನು, ಯಾರು ಮಾಡಿದ್ದು, ಯಾವಾಗ ಮಾಡಿದ್ದು ಅನ್ನೋದು. ಡಬ್ಬಿ ಮೇಲೆ ಹಾರ್ಲಿಕ್ಸ್ ಅಂತಲೋ ಬೋರ್ನ್‌ವೀಟಾ ಅಂತಲೋ ಇರುತ್ತೆ ಹೊರತು ಒಳಗಿರೋದರ ಹೆಸರು ಇರಲ್ಲ. ಕೈಯಿಂದ ಕೈಗೆ ಬಂದ ಮಸಿಗೆ ಬಿಲ್ ಇಲ್ಲ, ಬ್ಯಾಚ್ ಇಲ್ಲ. ಈ ವರ್ಷದ ಮಸಿ ಹೋದ ವರ್ಷದ್ದರ ಹಾಗೇ ಇರಬೇಕು ಅನ್ನೋಕೆ ಯಾವ ಆಧಾರವೂ ಇಲ್ಲ.

ಇಲ್ಲೊಂದು ಮಾತು ಒತ್ತಿ ಹೇಳಬೇಕು. ತೋಟೆಯೊಳಗೆ ಬರೋ ಹೊಗೆಯಿಲ್ಲದ ಮದ್ದು ಬೇರೆ, ಕೇಪಿನ ಕೋವಿಯ ಕರಿ ಮಸಿ ಬೇರೆ. ಒಂದೇ ಅಳತೆಯಲ್ಲಿ ಹಾಕಿದರೆ ಹೊಗೆಯಿಲ್ಲದ ಮದ್ದು ಎಬ್ಬಿಸೋ ಒತ್ತಡ ಹಲವು ಪಟ್ಟು ಜಾಸ್ತಿ. ಹಳೇ ತೋಟೆ ಒಡೆದು ಅದರ ಮದ್ದನ್ನ ಕೇಪಿನ ಕೋವಿಗೆ ಹಾಕೋದು ನಳಿಗೆ ಒಡೆಯೋಕೆ ನೇರ ದಾರಿ. ಪಟಾಕಿ ಬಿಚ್ಚಿ ತೆಗೆದ ಮದ್ದಂತೂ ಕೋವಿ ಮಸಿಯೇ ಅಲ್ಲ. ಸದ್ದು ಮಾಡೋ ಪಟಾಕಿಯಲ್ಲಿ ಅಲ್ಯೂಮಿನಿಯಂ ಪುಡಿ ಸೇರಿರುತ್ತೆ. ಅದು ಗುಂಡನ್ನ ತಳ್ಳಲ್ಲ, ಇದ್ದಲ್ಲೇ ಸಿಡಿಯುತ್ತೆ. ಕೆನ್ನೆ ಪಕ್ಕದಲ್ಲಿ ಸಿಡಿಯುತ್ತೆ.

ಅಮೆರಿಕದ ವಿಡಿಯೋ, ನಮ್ಮ ತಕ್ಕಡಿ

ಈಗ ಹುಡುಗರು ನೋಡೋ ವಿಡಿಯೋ ವಿಷಯಕ್ಕೆ ಬರೋಣ. ಅಮೆರಿಕದಲ್ಲಿ ಖಾಲಿ ತೋಟೆಯನ್ನ ಮನೆಯಲ್ಲೇ ಮತ್ತೆ ತುಂಬೋದು ದೊಡ್ಡ ಹವ್ಯಾಸ. 2020, 2021ರಲ್ಲಿ ಅಲ್ಲಿ ಅಂಗಡಿಗಳಲ್ಲಿ ಗುಂಡು ಸಿಗದೆ ಹೋದಾಗ ಹೊಸಬರೂ ಸೇರಿಕೊಂಡರು. ಮೇಜಿನ ಮೇಲೆ ಯಂತ್ರ, ಮೇಲೆ ಮದ್ದು ತುಂಬಿದ ಕೊಳವೆ, ಹಿಡಿ ಎಳೆದರೆ ಲೆಕ್ಕದಷ್ಟು ಮದ್ದು ಕೆಳಗೆ. ನೋಡೋಕೆ ಕಾಫಿಪುಡಿ ಅಂಗಡಿ ಮೆಷಿನ್ ಥರ ಇರುತ್ತೆ.

ವಿಡಿಯೋದಲ್ಲಿ ಎದ್ದು ಕಾಣದ ಸಂಗತಿ ಏನಂದ್ರೆ, ಅಷ್ಟೆಲ್ಲ ಇದ್ದೂ ಅಲ್ಲಿನವರ ಮುಗಿಯದ ತಲೆನೋವು ಇದೇ. ಮದ್ದು ಪ್ರತಿ ಸಲ ಒಂದೇ ತೂಕ ಬೀಳಲ್ಲ. ಕೊಳವೆಯಲ್ಲಿ ಮದ್ದು ಅರ್ಧಕ್ಕಿಂತ ಇಳಿದರೆ ಮೇಲಿನ ಭಾರ ಕಮ್ಮಿಯಾಗಿ ಬೀಳೋದೂ ಕಮ್ಮಿಯಾಗಬಹುದು. ಕಡ್ಡಿ ಥರದ ಮದ್ದು ಬಾಯಲ್ಲಿ ಅಡ್ಡ ಕೂತು ಒಂದು ತೋಟೆಗೆ ಕಮ್ಮಿ, ಮುಂದಿನದಕ್ಕೆ ಜಾಸ್ತಿ ಬೀಳುತ್ತೆ. ಒಣ ಹವೆಯಲ್ಲಿ ಪ್ಲಾಸ್ಟಿಕ್‌ಗೆ ಮದ್ದು ಅಂಟುತ್ತೆ. ಹಿಡಿ ಎಳೆಯೋ ವೇಗ ಬದಲಾದರೆ ತೂಕ ಬದಲಾಗುತ್ತೆ. ತಕ್ಕಡಿಯೇ ಕೈಕೊಡೋದೂ ಉಂಟು. ಫ್ಯಾನ್ ಗಾಳಿ, ಪಕ್ಕದಲ್ಲಿಟ್ಟ ಮೊಬೈಲ್, ಬ್ಯಾಟರಿ ಇಳಿದಿದ್ದು, ಆಗಷ್ಟೇ ಸ್ವಿಚ್ ಹಾಕಿದ್ದು ಇವೆಲ್ಲ ಅಂಕಿ ಅಲುಗಾಡಿಸುತ್ತವೆ.

ಅವರು ತೂಗೋದು ಗ್ರೇನ್ ಲೆಕ್ಕದಲ್ಲಿ. ಒಂದು ಗ್ರೇನ್ ಅಂದ್ರೆ ಸುಮಾರು 65 ಮಿಲಿಗ್ರಾಂ. ಅದರ ಹತ್ತನೇ ಒಂದು ಭಾಗದ ವ್ಯತ್ಯಾಸವನ್ನೂ ಅವರು ಗಮನಿಸ್ತಾರೆ. ಅದಕ್ಕಾಗಿ ತೂಕದ ಕಲ್ಲು ಇಟ್ಟು ತಕ್ಕಡಿಯನ್ನೇ ಆಗಾಗ ಪರೀಕ್ಷೆ ಮಾಡ್ತಾರೆ. ಮದ್ದಿನ ಕಂಪನಿಯೇ ಯಾವ ತೋಟೆಗೆ ಯಾವ ಮದ್ದು, ಶುರು ಎಷ್ಟು, ಮೀರಬಾರದ್ದು ಎಷ್ಟು ಅಂತ ಪಟ್ಟಿ ಪ್ರಕಟಿಸುತ್ತೆ. ಹೊಸ ಡಬ್ಬಿ ಒಡೆದರೆ ಕಮ್ಮಿಯಿಂದ ಮತ್ತೆ ಶುರು. ಒಂದು ಮೇಜಿನ ಮೇಲೆ ಒಂದೇ ಡಬ್ಬಿ ಇರಬೇಕು ಅನ್ನೋದು ಅವರ ಮೊದಲ ಪಾಠ.

ಇದಿಷ್ಟೂ ಬಿಟ್ಟು ನಾವು ಆನ್‌ಲೈನಲ್ಲಿ ಕೆಲವು ನೂರು ರೂಪಾಯಿಗೆ ಸಿಗೋ ಜೇಬಿನ ತಕ್ಕಡಿಯನ್ನ ಮಾತ್ರ ತರಿಸಿಕೊಂಡರೆ ಏನಾಗುತ್ತೆ? ಪರದೆ ಮೇಲೆ 0.01 ಗ್ರಾಂ ತನಕ ತೋರಿಸುತ್ತೆ. ತೋರಿಸೋದು ಬೇರೆ, ಸರಿ ತೋರಿಸೋದು ಬೇರೆ. ಅಕ್ಕಸಾಲಿಗರನ್ನ ಕೇಳಿ ನೋಡಿ, ಅವರು ತಕ್ಕಡಿಯನ್ನ ಗಾಜಿನ ಪೆಟ್ಟಿಗೆಯಲ್ಲಿ ಯಾಕೆ ಇಡ್ತಾರೆ ಅಂತ. ಅದಕ್ಕಿಂತ ಮುಖ್ಯವಾಗಿ, ಹೆಸರಿಲ್ಲದ ಮಸಿಗೆ ಪಟ್ಟಿಯೇ ಇಲ್ಲ. ಎಷ್ಟು ಹಾಕಬೇಕು ಅಂತ ಗೊತ್ತಿಲ್ಲದೇ ಇರೋದನ್ನ ನಿಖರವಾಗಿ ತೂಗಿ ಏನು ಬಂತು?

ಕಮ್ಮಿ ಬಿದ್ದರೂ ಅಪಾಯವೇ

ಜಾಸ್ತಿ ಹಾಕಿದರೆ ಅಪಾಯ ಅಂತ ಎಲ್ಲರಿಗೂ ಗೊತ್ತು. ಕಮ್ಮಿ ಹಾಕಿದರೆ ಸೇಫ್ ಅಂತ ನಮ್ಮಲ್ಲಿ ಒಂದು ನಂಬಿಕೆ ಇದೆ. ಅದು ಪೂರ್ತಿ ಸರಿಯಲ್ಲ.

ಮಸಿ ಕಮ್ಮಿಯಾದರೆ ಅಥವಾ ಒದ್ದೆಯಾಗಿದ್ದರೆ ಗುಂಡು ನಳಿಗೆಯಿಂದ ಆಚೆ ಬರದೆ ನಡುವೆ ನಿಲ್ಲಬಹುದು. ಸದ್ದು ಬಂತು, ಹೊಗೆ ಬಂತು, ಹೋಯಿತು ಅಂದುಕೊಂಡು ಅದರ ಮೇಲೆ ಇನ್ನೊಂದು ಈಡು ತುಂಬಿದರೆ ಮುಂದಿನ ಸಲ ನಳಿಗೆಯೇ ಒಡೆಯುತ್ತೆ. ಕೇಪು ಮಾತ್ರ ಸಿಡಿದು ಈಡು ಹಾರದೆ ಉಳಿದಾಗಲೂ ಇದೇ ಗೊಂದಲ. ಕತ್ತಲು, ಗಡಿಬಿಡಿ, ಗದ್ದೆಯಲ್ಲಿ ಹಂದಿ ಹಿಂಡು. ತುಂಬಿದ್ದೇನಾ, ಇಲ್ಲವಾ ಅನ್ನೋ ಅನುಮಾನದಲ್ಲಿ ಮತ್ತೊಮ್ಮೆ ಮಸಿ ಸುರಿಯೋದು. ಅದಕ್ಕಿಂತ ಕೆಟ್ಟದ್ದು, ಯಾಕೆ ಹಾರಲಿಲ್ಲ ಅಂತ ನಳಿಗೆಯ ಬಾಯಿಗೆ ಕಣ್ಣಿಟ್ಟು ನೋಡೋದು. ಒದ್ದೆ ಮಸಿ ಕೆಲವು ಸಲ ತಡವಾಗಿ ಹೊತ್ತಿಕೊಳ್ಳುತ್ತೆ.

ಅಂದ್ರೆ ಈಡು ಏರುಪೇರಾಗೋದು ಗುರಿ ತಪ್ಪೋ ವಿಷಯ ಅಲ್ಲ. ಬೆರಳು, ಕಣ್ಣು, ಪಕ್ಕದಲ್ಲಿ ಟಾರ್ಚ್ ಹಿಡಿದು ನಿಂತ ಮಗನ ಮುಖ, ಇವುಗಳ ವಿಷಯ.

ಕಾನೂನು ಏನು ಹೇಳುತ್ತೆ

1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್‌ನಲ್ಲೇ ನಮ್ಮ ರೈತರ ಕೋವಿಗೆ ಜಾಗ ಇದೆ. ನಿಜವಾದ ಬೆಳೆ ರಕ್ಷಣೆಗಾಗಿ ಬಾಯಿಂದ ತುಂಬೋ ಕೋವಿ ಕೇಳಿದರೆ, ತಿರಸ್ಕರಿಸೋಕೆ ಕಾಯ್ದೆ ಹೇಳಿರೋ ಕಾರಣ ಇಲ್ಲದಿದ್ದರೆ, ಲೈಸೆನ್ಸ್ ಕೊಡಬೇಕು ಅಂತಲೇ ಬರೆದಿದೆ. 2019ರ ತಿದ್ದುಪಡಿಯಲ್ಲಿ ಲೈಸೆನ್ಸ್ ಅವಧಿ ಮೂರರಿಂದ 5 ವರ್ಷಕ್ಕೆ ಏರಿತು. ಜೊತೆಗೆ ಶಿಕ್ಷೆಯೂ ಏರಿತು. 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಕೋವಿಯನ್ನಷ್ಟೇ ಅಲ್ಲ, ಮದ್ದುಗುಂಡನ್ನೂ ತಯಾರಿಸೋ ಹಾಗಿಲ್ಲ. ತಪ್ಪಿದರೆ ಕನಿಷ್ಠ 7 ವರ್ಷ, ಜೀವಾವಧಿ ತನಕ ಶಿಕ್ಷೆ ಆಗಬಹುದು. ಸ್ಫೋಟಕಗಳಿಗೆ 1884ರ ಕಾಯ್ದೆ, 2008ರ ನಿಯಮಗಳು ಬೇರೆ ಇವೆ.

ಆದ್ದರಿಂದ ಗೊಂದಲ ಬೇಡ. ಲೈಸೆನ್ಸ್ ಇರೋ ಕೇಪಿನ ಕೋವಿಗೆ ಈಡು ತುಂಬೋದು ಒಂದು. ಮನೆಯಲ್ಲಿ ಮಸಿ ಅರೆಯೋದು, ಖಾಲಿ ತೋಟೆಗೆ ಮತ್ತೆ ಮದ್ದು ತುಂಬೋದು ಇನ್ನೊಂದು. 'ನನ್ನ ಹತ್ರ ಕೋವಿ ಲೈಸೆನ್ಸ್ ಇದೆ' ಅನ್ನೋ ಮಾತು ಎರಡನೇದಕ್ಕೆ ಉಪಯೋಗಕ್ಕೆ ಬರಲ್ಲ. ಹಾಗೇ ಬೆಳೆ ರಕ್ಷಣೆಯ ಲೈಸೆನ್ಸ್ ಬೇಟೆಗೆ ಲೈಸೆನ್ಸ್ ಅಲ್ಲ. 1972ರ ವನ್ಯಜೀವಿ ಕಾಯ್ದೆ ಅದರ ಮೇಲೆ ಕೂತಿದೆ.

ಕೊಡಗಿನ ಕಥೆ ಬೇರೆ. ಅಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇದೆ. ಕೇಂದ್ರ ಸರ್ಕಾರ 2019ರಲ್ಲಿ ಅದನ್ನ 2029ರ ಅಕ್ಟೋಬರ್ ತನಕ ಮುಂದುವರಿಸಿತು, 2021ರಲ್ಲಿ ಹೈಕೋರ್ಟ್ ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ಕೋವಿ ಇಟ್ಟುಕೊಳ್ಳೋಕೆ. ನಳಿಗೆಯೊಳಗೆ ಒತ್ತಡ ಏರೋದಕ್ಕೆ ಯಾರಿಗೂ ವಿನಾಯಿತಿ ಇಲ್ಲ.

ಕೋವಿ ಠಾಣೆಗೆ, ಡಬ್ಬಿ ಅಟ್ಟಕ್ಕೆ

ಈಗ ವ್ಯವಸ್ಥೆ ಕಡೆ ನೋಡೋಣ. ಚುನಾವಣೆ ಬಂತು ಅಂದ್ರೆ ಕೋವಿ ಠಾಣೆಗೆ. 2023ರ ವಿಧಾನಸಭೆ, 2024ರ ಲೋಕಸಭೆ, ಎರಡು ವರ್ಷದಲ್ಲಿ ಎರಡು ಸಲ. ನೀತಿ ಸಂಹಿತೆ ಮುಗಿದ ಮೇಲೆ ವಾಪಸ್ ತಗೊಂಡು ಬರಬೇಕು. ಎಣ್ಣೆ ಹಚ್ಚದೆ ತಿಂಗಳುಗಟ್ಟಲೆ ಒರಗಿಸಿಟ್ಟ ನಳಿಗೆಗೆ ತುಕ್ಕು ಹಿಡಿಯದೇ ಇರುತ್ತಾ? ಕೋವಿಯ ನಂಬರ್, ಮಾಲೀಕನ ಫೋಟೋ, ಲೈಸೆನ್ಸ್ ಪುಸ್ತಕ ಎಲ್ಲಕ್ಕೂ ದಾಖಲೆ ಇದೆ. ಆದರೆ ಆ ಕೋವಿಯ ನಳಿಗೆ ಇನ್ನೂ ಈಡು ತಡೆಯುತ್ತಾ, ಅದಕ್ಕೆ ಹಾಕೋ ಮಸಿ ಎಲ್ಲಿಂದ ಬರುತ್ತೆ ಅನ್ನೋ ಪ್ರಶ್ನೆ ಯಾವ ಕೌಂಟರ್‌ನಲ್ಲೂ ಎದುರಾಗಲ್ಲ.

2016ರ ಶಸ್ತ್ರಾಸ್ತ್ರ ನಿಯಮಗಳು ಹೊಸದಾಗಿ ಲೈಸೆನ್ಸ್ ಕೇಳೋರಿಗೆ ಸುರಕ್ಷತಾ ತರಬೇತಿ ಅಂತ ಹೇಳುತ್ತವೆ. ಒಳ್ಳೇದೇ. ಆದರೆ ನಮ್ಮ ಕಡೆ ಎಷ್ಟೋ ಕೋವಿ ಅಜ್ಜನಿಂದ ಅಪ್ಪನಿಗೆ, ಅಪ್ಪನಿಂದ ಮಗನಿಗೆ ಬಂದದ್ದು. ಅದರ ಜೊತೆ ಅಳತೆಯ ಬಿದಿರು ಬಂದಿದೆ, ಅರ್ಧ ಡಬ್ಬಿ ಮಸಿ ಬಂದಿದೆ. ಪಾಠ ಬಂದಿಲ್ಲ.

ತೋಟೆ ಕೋವಿಯವರಿಗೆ ದಾರಿ ಸ್ವಲ್ಪ ನೇರ. ಪುಣೆ ಪಕ್ಕದ ಖಡ್ಕಿ ಕಾರ್ಖಾನೆಯ 12 ಬೋರ್ ತೋಟೆ ಪರವಾನಗಿ ಇರೋ ಡೀಲರ್ ಹತ್ರ ಬಿಲ್ ಸಮೇತ ಸಿಗುತ್ತೆ. ಎಷ್ಟು ಕೊಳ್ಳಬಹುದು ಅಂತ ಲೈಸೆನ್ಸ್ ಪುಸ್ತಕದಲ್ಲೇ ಬರೆದಿರುತ್ತೆ. ಅಲ್ಲಿ ಒಂದೊಂದು ತೋಟೆಗೂ ಒಂದೇ ತೂಕದ ಮದ್ದು ಬೀಳೋ ಹಾಗೆ ನೋಡಿಕೊಳ್ಳೋದು ಕಾರ್ಖಾನೆಯ ಜವಾಬ್ದಾರಿ. ಕೇಪಿನ ಕೋವಿಯವನಿಗೆ ಆ ಜವಾಬ್ದಾರಿ ಹೊರೋ ಕಾರ್ಖಾನೆ ಇಲ್ಲ. ಕಾನೂನು ಅವನಿಗೆ ಕೊಡೋದೇ ಬಾಯಿಂದ ತುಂಬೋ ಕೋವಿ, ಅಂದ್ರೆ ಪ್ರತಿ ಈಡನ್ನೂ ಕೈಯಲ್ಲೇ ಅಳೀಬೇಕಾದ ಕೋವಿ. ಹೆಚ್ಚು ಜಾಣ್ಮೆ ಬೇಡೋ ಆಯುಧವನ್ನ ಕೊಟ್ಟು, ಅದಕ್ಕೆ ಬೇಕಾದ ಮಾಲು ಮತ್ತು ಪಾಠ ಎರಡನ್ನೂ ಅವನ ಹಣೆಬರಹಕ್ಕೆ ಬಿಟ್ಟಿದೆ.

2021ರ ಜನವರಿ 21ರ ರಾತ್ರಿ ಶಿವಮೊಗ್ಗ ಪಕ್ಕದ ಹುಣಸೋಡಿನ ಸ್ಫೋಟ ಅಕ್ಕಪಕ್ಕದ ಜಿಲ್ಲೆಗಳನ್ನೂ ನಡುಗಿಸಿತು. ಸ್ಫೋಟಕ ಅಂದ್ರೆ ಈಗ ಎಲ್ಲರಿಗೂ ನೆನಪಾಗೋದು ಲಾರಿ ಲೋಡು ಜಿಲೆಟಿನ್. ಅಟ್ಟದ ಮೇಲಿನ ಡಬ್ಬಿ ಯಾರ ಲೆಕ್ಕಕ್ಕೂ ಬರಲ್ಲ. ಕೇಸ್ ಬಿದ್ದೀತು ಅನ್ನೋ ಹೆದರಿಕೆಗೆ ಡಬ್ಬಿ ಇಟ್ಟವರು ಯಾರನ್ನೂ ಕೇಳಲ್ಲ. ಕೇಳದೆ ಇರೋದರಿಂದ ಹಳೇ ಮಸಿ ಹಾಗೇ ಉಳಿಯುತ್ತೆ. ಒಲೆಯಿಂದ ಹತ್ತಡಿ ಮೇಲೆ ಉಳಿಯುತ್ತೆ.

ಆಗಬೇಕಾದ್ದು

ಜಿಲ್ಲಾಧಿಕಾರಿ ಕಚೇರಿಯಿಂದ ಆಗೋ ಕೆಲಸಗಳೇನೂ ದೊಡ್ಡ ಖರ್ಚಿನವಲ್ಲ. ಲೈಸೆನ್ಸ್ ನವೀಕರಣಕ್ಕೆ ಐದು ವರ್ಷಕ್ಕೊಮ್ಮೆ ಎಲ್ಲರೂ ಬಂದೇ ಬರ್ತಾರೆ. ಆ ದಿನ ಪರವಾನಗಿ ಇರೋ ಕೋವಿ ರಿಪೇರಿಯವರನ್ನ ಕೂರಿಸಿ ನಳಿಗೆ, ಮೊಲೆ, ಕುದುರೆ ನೋಡಿಸಬಹುದು. ಕೇಪಿನ ಕೋವಿಗೆ ಕಾನೂನುಬದ್ಧ ಮಸಿ, ಕೇಪು ಎಲ್ಲಿ ಸಿಗುತ್ತೆ, ಎಷ್ಟು ಇಟ್ಟುಕೊಳ್ಳಬಹುದು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ಪ್ರತಿ ಪಂಚಾಯ್ತಿ ಬೋರ್ಡಿಗೆ ಹಾಕಬಹುದು. ಹಳೇ ಮಸಿ ತಂದೊಪ್ಪಿಸೋರಿಗೆ ಕೇಸಿನ ಹೆದರಿಕೆ ಇಲ್ಲದ ಒಂದು ದಿನ ಗೊತ್ತು ಮಾಡಬಹುದು. ಠಾಣೆಯಲ್ಲಿ ಕೋವಿ ಇಡೋವಾಗ ಖಾಲಿ ಇದೆಯಾ ಅಂತ ನೋಡಿ, ಎಣ್ಣೆ ಹಚ್ಚಿ ಇಡೋಕೆ ಅವಕಾಶ ಕೊಡಬಹುದು. ಪಂಚಾಯ್ತಿ ಸದಸ್ಯರು ಗ್ರಾಮಸಭೆಯಲ್ಲಿ ಕೇಳಬೇಕಾದ ಪ್ರಶ್ನೆಗಳು ಇವು.

ಅಲ್ಲಿವರೆಗೆ ಕೋವಿ ಇರೋ ಮನೆಯವರು ಇಷ್ಟು ಮಾಡಿ. ಹೆಸರು ಗೊತ್ತಿಲ್ಲದ ಮಸಿಯನ್ನ, ಗಂಟು ಕಟ್ಟಿದ ಮಸಿಯನ್ನ ಕೋವಿಗೆ ಹಾಕಬೇಡಿ. ಒಣಗಿಸೋಕೆ ಒಲೆ ಹತ್ರ, ಬಿಸಿಲ ಕಲ್ಲಿನ ಮೇಲೆ ಹರಡಬೇಡಿ. ಎರಡು ಡಬ್ಬಿಯ ಮಸಿ ಬೆರೆಸಬೇಡಿ. ಡಬ್ಬಿಯಿಂದ ನೇರವಾಗಿ ನಳಿಗೆಗೆ ಸುರಿಯಬೇಡಿ, ಒಳಗೆ ಒಂದು ಕಿಡಿ ಉಳಿದಿದ್ದರೆ ಡಬ್ಬಿಯೇ ಹೊತ್ತಿಕೊಳ್ಳುತ್ತೆ. ಖಾಲಿ ಕೋವಿಗೆ ಗಜ ಇಳಿಸಿ ಬಾಯಿ ಮಟ್ಟಕ್ಕೆ ಒಂದು ಗುರುತು ಹಾಕಿಡಿ. ಮುಂದೆ ಯಾವಾಗ ಅನುಮಾನ ಬಂದರೂ ಗಜ ಇಳಿಸಿ ನೋಡಿ, ಗುರುತು ಮೇಲೆ ನಿಂತರೆ ಒಳಗೆ ಏನೋ ಇದೆ ಅಂತ ಅರ್ಥ. ಆದರೆ ಕೇಪು ಇರೋವಾಗ, ಈಡು ಈಗಷ್ಟೇ ತಪ್ಪಿರೋವಾಗ ಗಜ ಮುಟ್ಟಬೇಡಿ. ಈಡು ಹಾರದಿದ್ದರೆ ನಳಿಗೆಯನ್ನ ಜನ ಇಲ್ಲದ ಕಡೆಗೇ ಹಿಡಿದು ಕನಿಷ್ಠ ಒಂದು ನಿಮಿಷ ಕಾಯಿರಿ. ನಳಿಗೆ ಎಲ್ಲಾದರೂ ಉಬ್ಬಿದ ಹಾಗೆ ಕಂಡರೆ ಆ ಕೋವಿಯ ಕೆಲಸ ಅಲ್ಲಿಗೆ ಮುಗಿಯಿತು, ರಿಪೇರಿಯವರಿಗೆ ತೋರಿಸದೆ ಮತ್ತೆ ತುಂಬಬೇಡಿ.

ಅಂಗಡಿಯವರಿಗೂ ಒಂದು ಮಾತು. ಪೆಟ್ಲುಪ್ಪು, ಗಂಧಕ ಕೇಳಿಕೊಂಡು ಬರೋ ಗುರುತಿನ ಗಿರಾಕಿಗೆ 'ಎಲ್ಲಾ ನಮ್ಮವರೇ' ಅಂತ ಕೊಟ್ಟು ಕಳಿಸೋ ಮುಂಚೆ ಯಾಕೆ ಅಂತ ಕೇಳಿ. ನಾಳೆ ಪೊಲೀಸರು ಕೇಳೋ ಪ್ರಶ್ನೆಯನ್ನ ಇವತ್ತು ನೀವೇ ಕೇಳಿದರೆ ಇಬ್ಬರಿಗೂ ಒಳ್ಳೇದು. ಇದೇ ಮಸಿ ಹಂದಿಗೆ ಇಡೋ ಸಿಡಿಮದ್ದೂ ಆಗುತ್ತೆ, ಅದನ್ನ ಹಂದಿಯೇ ಕಚ್ಚಬೇಕು ಅಂತಿಲ್ಲ. ಮೇಯೋಕೆ ಬಿಟ್ಟ ದನವೂ ಕಚ್ಚುತ್ತೆ.

ತೆನೆ ಉಳಿಸಿಕೊಳ್ಳೋ ಹಕ್ಕು ರೈತನಿಗೆ ಇದೆ, ಕಾಯ್ದೆಯೇ ಅದನ್ನ ಒಪ್ಪಿ ಕೋವಿ ಕೊಟ್ಟಿದೆ. ಅಂಗಡಿಯ ಒಂದು ಕೆಜಿ ಕಲ್ಲಿಗೂ ಮುದ್ರೆ ಹಾಕಿಸೋ ಸರ್ಕಾರ, ಮುಖದ ಪಕ್ಕದಲ್ಲಿ ಉರಿಯೋ ಮಸಿಯ ವಿಷಯದಲ್ಲಿ ಮಾತ್ರ 'ನೀನೇ ನೋಡಿಕೋ' ಅನ್ನೋ ಹಾಗಿಲ್ಲ.